ಸೋಫಾ, ಒಂದು

ಕೊಂಡಸಕೊಪ್ಪದ ಇಳಿಜಾರಿನ ಹೊಲದಾಗ
ಗೂಟ ಬಡಿಯೂದು ಡಿಸೆಂಬರ್ ಮೊದಲನೇ ವಾರ.
ಗುಡ್ಡದ ಮ್ಯಾಲ ಬಿಳಿ ಸೌಧ,
ವರ್ಷಪೂರ್ತಿ ಪಾರಿವಾಳದ ಪಾಲು,
ಹತ್ತು ದಿವಸ ರಾಜ್ಯದ್ದು.
ಆ ಹತ್ತು ದಿವಸ ನಂದೂ ಸುಗ್ಗಿ:
ಪೆಂಡಾಲ, ಜಮಖಾನಿ, ಮೈಕು, ನೀರಿನ ಡ್ರಮ್ಮು.
ಸಿಟ್ಟು ಬಂದವರಿಗೆ ನೆರಳು ಬಾಡಿಗಿ ಕೊಡಾಂವ ನಾನು.

ವಹಿ ತಗದ್ರ ಎಲ್ಲಾ ಐತಿ.
ಅತಿಥಿ ಉಪನ್ಯಾಸಕರು, ಹದಿನೈದು ಬೈ ಮೂವತ್ತು.
ಮುಳುಗಡಿ ಊರವರು, ಇಪ್ಪತ್ತು ಬೈ ನಲವತ್ತು,
ಇವರ ಹೆಸರು ನಮ್ಮಪ್ಪನ ಅಕ್ಷರದಾಗೂ ಐತಿ.
ಬಿಸಿಯೂಟದ ಅಡಗಿಯವರು, ಇದು ಆರನೇ ಸಲ.
ಬೇಡಿಕಿ ಬದಲಾಗಿಲ್ಲ,
ಬ್ಯಾನರಿನ ಇಸವಿ ಮ್ಯಾಲ ಅಷ್ಟ ಕಾಗದ ಅಂಟಿಸ್ಯಾರ.
ಮೊಣಕಾಲು ಬದಲಾಗ್ಯಾವ.
ಮೊದಲ ವರ್ಷ ಬರೇ ಜಮಖಾನಿ ಸಾಕಾಗಿತ್ತು,
ಈಗ ಖುರ್ಚಿ ಬೇಕು, ಎಂಬತ್ತು.

ಮತ್ತ ಒಂದು ಸೋಫಾ.
ಮದುವಿ ಸೋಫಾ ಅದು, ಕೆಂಪು ಮಖಮಲ್ಲು, ಸಿಂಹದ ಕೈ,
ಬಾಡಿಗಿ ಆರನೂರು.
"ಸಾಹೇಬ್ರು ಮನವಿ ತಗೊಳ್ಳಾಕ ಬರ್ತಾರ,
ಪ್ಲಾಸ್ಟಿಕ್ ಖುರ್ಚಿ ಮ್ಯಾಲ ಕುಂದ್ರಸಾಕ ಆಕ್ಕೈತೇನು?"
ನೀಲವ್ವ ಹಾದಿಮನಿ, ಘಟಪ್ರಭಾ ದಂಡಿಯಾಕಿ,
ಸೆರಗಿನ ಗಂಟು ಬಿಚ್ಚಿ ಹತ್ತರ ನೋಟು ಎಣಸ್ತಾಳ.
ಐದು ವರ್ಷ ಹೇಳೀನಿ: ಬ್ಯಾಡ ತಂಗಿ, ಅವರು ಕುಂದ್ರೂದಿಲ್ಲ.
ಐದು ವರ್ಷ ಆಕಿ ಒಂದ ಮಾತು:
ಕುಂತ್ರ?

ಬರ್ತಾರ. ಬರೂದಿಲ್ಲ ಅಂತ ಯಾರಂದಾರ?
ನಾಕು ಗಾಡಿ, ಧೂಳು, ಪೊಲೀಸರ ಸೀಟಿ.
ನಿಂತಲ್ಲೇ ಕೈ ಮುಗೀತಾರ, ನಿಂತಲ್ಲೇ ಕಾಗದ ತಗೋತಾರ,
ಹಿಂದಿನಾಂವನ ಕೈಗೆ ಕೊಡ್ತಾರ, ಅಂವ ಮತ್ತೊಬ್ಬನ ಕೈಗೆ.
"ಒಳಗ ಎತ್ತತೀನಿ ನಿಮ್ಮ ವಿಷಯ."
ಒಳಗ, ಊಟದ ಮ್ಯಾಲ,
ಗಂಟಿ ಬಾರಿಸಿ ಬಾರಿಸಿ ಕರೀಬೇಕಂತ,
ಮಂದಿ ಸಾಲದ ಸಭಾ ನಿಲ್ತೈತಂತ,
ಕ್ಯಾಂಟೀನಿಗೆ ಹಾಲು ಹಾಕೋ ನಮ್ಮ ಅಳಿಯ ಹೇಳ್ತಾನ.
ಒಳಗಿನ ಖುರ್ಚಿನೂ ಖಾಲಿ, ಹೊರಗಿನ ಸೋಫಾನೂ ಖಾಲಿ.
ಹಂಗಾದ್ರ ಇವರು ಕುಂದ್ರೂದರ ಎಲ್ಲಿ?
ಸಿಟ್ಟಿನ ಪ್ರಶ್ನಿ ಅಲ್ಲ, ಧಂದೇದ ಪ್ರಶ್ನಿ.
ಕುಂತರೂ ಬಾಡಿಗಿ, ಕುಂದರದಿದ್ದರೂ ಬಾಡಿಗಿ,
ಕೊಡಾಂವ ಮಾತ್ರ ಖುರ್ಚಿ ತರಿಸಿದಾಂವ.

ಈ ಸಲ ಗುರುವಾರ ಬಂದ್ರು. ಎರಡು ನಿಮಿಷ.
ಗಾಡಿ ಎಬ್ಬಿಸಿದ ಧೂಳು ಇನ್ನೂ ಕೆಳಗ ಕುಂತಿರಲಿಲ್ಲ,
ನೀಲವ್ವ ಕುಂತಳು.
ಸೋಫಾದ ಮ್ಯಾಲ. ಚಪ್ಪಲಿ ಬಿಟ್ಟು, ಕಾಲು ಮ್ಯಾಲ ತಗೊಂಡು,
ಸುಸಲಾ ಕಲಸಿದ ಕೈ ಒರಸದ.
ಯಾರೂ ನಗಲಿಲ್ಲ.
"ಹೇಳ್ರೇ" ಅಂದಳು.
ಮಲಕವ್ವ ಬಂದಳು, ಕುಕ್ಕರ್ ಸಿಡದು ಸುಟ್ಟ ಮುಂಗೈ ತಗೊಂಡು.
ಹುಸೇನಬಿ, ಏಳು ತಿಂಗಳ ಪಗಾರ.
ತೆಲಸಂಗದ ಒಬ್ಬಾಕಿ, ಹೆಸರು ಮರತೆ,
ನೂರಾ ನಲವತ್ತು ಹುಡುಗರಿಗೆ ಅನ್ನ ಮಾಡಿ
ಮನಿಗೆ ಹೋಗಿ ಒಲಿ ಹಚ್ಚಾಕ ಮನಸ ಬರೂದಿಲ್ಲ ಅಂದಳು.
ಅದು ಬೇಡಿಕಿ ಅಲ್ಲ. ಅದನ್ನೂ ಕೇಳಿದಳು.
ಕೇಳಿ, "ಎಷ್ಟು ವರ್ಷಾತು?" ಅಂದಳು.
ಅಷ್ಟ. ಆಕಿ ಕೈಯಾಗರ ಏನಿತ್ತು?
ಆದರ ಒಂದೂವರಿ ತಾಸು ಎದ್ದಿಲ್ಲ.

ಸಂಜೀಕ ಸೋಫಾ ಎತ್ತುವಾಗ ನೋಡಿದೆ,
ನಡುವ ತೆಗ್ಗು ಬಿದ್ದಿತ್ತು,
ಸಿಂಹದ ಕೈಮ್ಯಾಲ ಅರಿಷಿಣದ ಐದು ಬೆರಳು.
ಆರನೂರು ವಾಪಸ ಕೊಡಾಕ ಹೋದೆ, ತಗೊಳ್ಳಿಲ್ಲ.
"ಈ ಸಲ ಕುಂತೀವಲ್ಲೋ ಅಣ್ಣಾ."

ರವಿವಾರ ಅದ ಸೋಫಾ ಬೈಪಾಸಿನ ಕಲ್ಯಾಣ ಮಂಟಪಕ್ಕ.
ಸಾಹೇಬ್ರ ತಂಗಿ ಮಗನ ನಿಶ್ಚಯ.
ಅಲ್ಲಿ ಕುಂದರ್ತಾರ, ತಾಸುಗಟ್ಟಲೆ, ನಾನ ಕಂಡೀನಿ.
ನಮ್ಮ ಹುಡುಗ ಸಾಬಾಣ ಹಚ್ಚಿ ತಿಕ್ಕಿದ, ಪೆಟ್ರೋಲ್ ಹಾಕಿ ತಿಕ್ಕಿದ.
ಕಲೆ ಪೂರಾ ಹೋಗಿಲ್ಲ.
ಇನ್ನೊಮ್ಮೆ ತಿಕ್ಕು ಅಂತ
ನಾನೂ ಅನ್ನಲಿಲ್ಲ.